ಗುರಿಗಾಬರಿ ಮತ್ತು ಅತ್ತೆ ಪೂಜಿಸಿದ ಹೋತ

ಸೆಪ್ಟೆಂಬರ್ ಐದು, ಶುಕ್ರವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಒಮಾನಿನ ಇಬ್ರಾ ಊರಿನ ಹೊರಗೆ, ಸಲೀಂ ಅವರ ಖರ್ಜೂರದ ತೋಟದ ಹಿಂದಿರುವ ಒಣಹೊಳೆಯಲ್ಲಿ, ಒಂದು ಕಾಡುಹೋತದ ಎದುರು ಬಿಲ್ಲು ಎಳೆದು ನಿಂತಿದ್ದೆ. ಆ ಕ್ಷಣದಲ್ಲಿ ನನ್ನ ಆತ್ಮವಿಶ್ವಾಸದಲ್ಲಿ ಯಾವ ಕೊರತೆಯೂ ಇರಲಿಲ್ಲ ಎಂಬುದನ್ನು ಮೊದಲೇ ದಾಖಲಿಸುತ್ತೇನೆ.

ಹೋತ ಅಂದರೆ ಜೀವಂತ ಹೋತವಲ್ಲ. ಈ ದೇಶದಲ್ಲಿ ಕಾಡುಪ್ರಾಣಿಗಳನ್ನು ಬೇಟೆಯಾಡುವಂತಿಲ್ಲ. ಆದ್ದರಿಂದ ಸಲೀಂ ಫೋಮಿನಲ್ಲಿ ಮಾಡಿದ ಆಳೆತ್ತರದ ಪ್ರಾಣಿಗಳನ್ನು ತರಿಸಿ ಹೊಳೆಯುದ್ದಕ್ಕೂ ನಿಲ್ಲಿಸಿದ್ದಾರೆ. ಹೋತ, ಜಿಂಕೆ, ಹಂದಿ, ಕೊನೆಯಲ್ಲಿ ಒಂದು ಕಾಡೆಮ್ಮೆ. ಅವರು ಒಮಾನಿನವರೇ, ಪರವಾನಗಿ ಪಡೆದು ವರ್ಷಕ್ಕೊಮ್ಮೆ ಆಫ್ರಿಕಾಕ್ಕೆ ಬಿಲ್ಲುಬೇಟೆಗೆ ಹೋಗುವವರು. ಉಳಿದ ದಿನಗಳಲ್ಲಿ ನಮ್ಮಂಥವರಿಗೆ ಬಿಲ್ಲು ಹಿಡಿಯುವುದನ್ನು ಕಲಿಸುತ್ತಾರೆ. ನಮ್ಮ ಜೊತೆ ಅವರದು ಹಿಂದಿ, ನಡುನಡುವೆ ಅರಬ್ಬಿ.

ನಾನು ಮೈಸೂರಿನವನು. ಇಬ್ರಾದಲ್ಲಿ ನೀರಿನ ಮೀಟರುಗಳನ್ನು ಪರೀಕ್ಷಿಸುವ ಕೆಲಸ. ನನ್ನ ಹೆಂಡತಿ ವೀಣಾ ಗದಗಿನವಳು. ಊರಿನಲ್ಲಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ಅವಳಿಗೆ ಕೆಲಸ ಸಿಕ್ಕಿಲ್ಲ. ಎಲ್ಲರೂ ಅವಳನ್ನು ಇಂಥವರ ಹೆಂಡತಿ ಎಂದೇ ಕರೆಯುತ್ತಾರೆ. ಸಲೀಂ ಅವರ ತೋಟದಲ್ಲಿ ಮಾತ್ರ ಅವಳು ವೀಣಾ. ಹಲಗೆಯ ಮೇಲೆ ಅಂಕ ಬರೆಯುವಾಗ ಅವಳ ಹೆಸರು ಮೇಲಿರುತ್ತದೆ, ನನ್ನದು ಕೆಳಗೆ.

ಅಕ್ಟೋಬರ್ ಮೂರಕ್ಕೆ ಜೋಡಿ ಸ್ಪರ್ಧೆ. ಗೆದ್ದ ಜೋಡಿ ತೋಟದ ಪರವಾಗಿ ಡಿಸೆಂಬರಿನಲ್ಲಿ ಮಸ್ಕತ್ತಿನ ದೊಡ್ಡ ಕೂಟಕ್ಕೆ ಹೋಗುತ್ತದೆ. ವೀಣಾಗೆ ಹೋಗಲೇಬೇಕು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮಸ್ಕತ್ತಿನಲ್ಲಿ ಡಿಸೆಂಬರಿಗೆ ಚಳಿ ಎಷ್ಟಿರುತ್ತದೆಂದು ಎರಡು ಸಲ ಕೇಳಿದಳು.

ಇಷ್ಟನ್ನು ತಿಳಿದುಕೊಂಡು ಹೋತದ ಎದುರಿಗೆ ಬನ್ನಿ. ಕಾಗದದ ವೃತ್ತಗಳಿಗೆ ನಾನು ಆರು ತಿಂಗಳಿಂದ ಚೆನ್ನಾಗಿಯೇ ಹೊಡೆಯುತ್ತಿದ್ದೆ. ಪ್ರಾಣಿಯ ಎದುರು ಅದೇ ಮೊದಲು. ನಮ್ಮ ಬಿಲ್ಲಿಗೆ ನೋಡುವ ಚುಕ್ಕಿಯೊಂದು ಇರುತ್ತದೆ, ಹೆದೆಯನ್ನು ಹಿಡಿದಿಡಲು ಬಲ ಮಣಿಕಟ್ಟಿಗೆ ಕಟ್ಟಿದ ಕೊಕ್ಕೆಗೆ ಒಂದು ಗುಂಡಿ, ಒತ್ತಿದರೆ ಬಾಣ ಹೊರಡುತ್ತದೆ. ಚುಕ್ಕಿ ಗುರಿಯ ಮೇಲೆ ನಿಂತಾಗ ಗುಂಡಿಯನ್ನು ಮೆಲ್ಲಗೆ ಒತ್ತಬೇಕು. ಚುಕ್ಕಿ ಹೋತದ ಕಾಲಿನಿಂದ ಮೇಲೇರಿ ಎದೆಯ ಕಡೆಗೆ ಹೊರಟಿತು. ಹೋತ ನನ್ನನ್ನೇ ನೋಡಿತು. ನನ್ನ ಬೆರಳು ನನ್ನನ್ನು ಕೇಳಲಿಲ್ಲ.

ಬಾಣ ಸಲೀಂ ಅವರ ಕಾಫಿಯ ಫ್ಲಾಸ್ಕಿಗೆ ತಾಗಿತು.

ಕಾಫಿ ಮರಳಿನಲ್ಲಿ ಇಂಗಿತು. ಸಲೀಂ ನನ್ನ ಕೈಗೆ ಇನ್ನೊಂದು ಬಾಣ ಕೊಟ್ಟರು. ಆಮೇಲೆ ಇನ್ನೊಂದು. ಅಂದು ಇಪ್ಪತ್ತು ಬಾಣಗಳಲ್ಲಿ ಹದಿನೇಳು, ಚುಕ್ಕಿ ಎದೆಗೆ ತಲುಪುವ ಮೊದಲೇ ಹೊರಟುಹೋದವು.

"ಟಾರ್ಗೆಟ್ ಪ್ಯಾನಿಕ್," ಎಂದರು ಸಲೀಂ, ಜ್ವರ ನೋಡಿದ ವೈದ್ಯರ ಹಾಗೆ. "ಗುರಿ ಕಂಡರೆ ಗಾಬರಿ. ಬೆರಳು ಕೆಲಸ ಮುಗಿಸಿ ಓಡಿಹೋಗಲು ನೋಡುತ್ತದೆ. ನನಗೂ ಇತ್ತು. ದೊಡ್ಡ ಪ್ರಾಣಿ ಎದುರು ನಿಂತರೆ ದೊಡ್ಡ ದೊಡ್ಡವರಿಗೂ ಬರುತ್ತದೆ."

ಆ ಕಾಯಿಲೆಗೆ ನಾನು ಅಂದೇ ಗುರಿಗಾಬರಿ ಎಂದು ಹೆಸರಿಟ್ಟೆ.

"ಕಾಗದಕ್ಕೆ ತಪ್ಪಿದರೆ ಅಂಕ ಹೋಗುತ್ತದೆ," ಸಲೀಂ ಮುಂದುವರಿಸಿದರು. "ಪ್ರಾಣಿಯ ಕಾಲಿಗೋ ಹೊಟ್ಟೆಗೋ ತಾಗಿದರೆ ಅದು ಪೊದೆಯಲ್ಲಿ ಬಿದ್ದು ದಿನಗಟ್ಟಲೆ ನರಳುತ್ತದೆ. ಅದಕ್ಕೇ ನನ್ನ ಸ್ಪರ್ಧೆಯಲ್ಲಿ ನಿಯಮ ಹೀಗೆ. ಒಂದು ಪ್ರಾಣಿಗೆ ಒಬ್ಬರಿಗೆ ಒಂದೇ ಬಾಣ, ಜೋಡಿಯ ಇಬ್ಬರ ಅಂಕವನ್ನೂ ಕೂಡಿಸುತ್ತೇನೆ. ಎದೆಗೆ ತಾಗಿದರೆ ಹತ್ತು. ಪೂರ್ತಿ ತಪ್ಪಿದರೆ ಸೊನ್ನೆ. ಗಾಯ ಮಾಡಿದರೆ ಹತ್ತು ಕಳೆಯುತ್ತೇನೆ. ನಂಬಿಕೆಯಿಲ್ಲದಿದ್ದರೆ ಬಿಲ್ಲು ಎಳೆದು ಹಾಗೆಯೇ ಇಳಿಸಿ, ಅದಕ್ಕೂ ಸೊನ್ನೆ. ಅದರಲ್ಲಿ ನಾಚಿಕೆಯಿಲ್ಲ." ಆಮೇಲೆ ವೀಣಾ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಸಿಸ್ಟರ್, ಜೋಡಿಯಿಲ್ಲದವರು ಇನ್ನೂ ಇಬ್ಬರಿದ್ದಾರೆ. ಬೇಕಾದರೆ ಈಗಲೇ ಹೇಳಿ," ಎಂದರು.

ತಗ್ಗಿದ ದನಿ ನನಗೂ ಕೇಳಿಸಿತು.

"ಬ್ಯಾಡ," ಎಂದಳು ವೀಣಾ, ಬಾಣದ ಮರಳು ಒರೆಸುತ್ತ. "ನನ್ನ ಜೋಡಿ ಇವರಽ."

ಒಬ್ಬ ಗಂಡಸನ್ನು ನಾಲ್ಕು ವಾರ ನಿದ್ದೆಗೆಡಿಸಲು ಇದಕ್ಕಿಂತ ಹೆಚ್ಚು ಮಾತು ಬೇಕಿಲ್ಲ. ಗುಣವಾಗಿಯೇ ಸ್ಪರ್ಧೆಗೆ ಇಳಿಯುತ್ತೇನೆಂದು ನಿರ್ಧರಿಸಿದೆ.

ಚಿಕಿತ್ಸೆಯ ಮೊದಲ ಭಾಗ ಬೆರಳಿನದು. ಗುಂಡಿಯನ್ನು ಎಷ್ಟು ನಿಧಾನವಾಗಿ ಒತ್ತಬೇಕೆಂದರೆ ಬಾಣ ಯಾವಾಗ ಹೊರಟಿತೆಂದು ನಮಗೇ ಆಶ್ಚರ್ಯವಾಗಬೇಕು. ಬೆರಳಿಗೆ ದಿನವಿಡೀ ಈ ಸಂಸ್ಕಾರ ಕೊಡಲು ತೀರ್ಮಾನಿಸಿದೆ. ಟಿವಿ ರಿಮೋಟನ್ನು ನಿಧಾನವಾಗಿ ಒತ್ತಿದೆ. ಕಚೇರಿಯಲ್ಲಿ ಪ್ರಿಂಟರನ್ನು ನಿಧಾನವಾಗಿ ಒತ್ತಿದೆ. ಬಚ್ಚಲಿನಲ್ಲಿ ನೀರು ಚಿಮ್ಮಿಸುವ ಕೈಜೆಟ್ಟನ್ನೂ ನಿಧಾನವಾಗಿ ಒತ್ತಿದೆ. ಅಲ್ಲಿ ಆಶ್ಚರ್ಯವಾಯಿತು.

ಲಿಫ್ಟಿನಲ್ಲಿ ಸಿಕ್ಕಿಬಿದ್ದೆ. ನಮ್ಮ ಮೇಲಿನ ಮಹಡಿಯ ಶೆಟ್ಟರು ಉಡುಪಿಯವರು, ಅದೇ ತೋಟದಲ್ಲಿ ಹೆಂಡತಿಯ ಜೊತೆ ಬಿಲ್ಲು ಹಿಡಿಯುವವರು, ಅಂದರೆ ನಮ್ಮ ಎದುರಾಳಿಗಳು. ತರಕಾರಿ ಚೀಲ ಹಿಡಿದು ಒಳಗೆ ಬಂದರು. ನಾನು ಮೂರನೆಯ ಮಹಡಿಯ ಗುಂಡಿಯ ಮೇಲೆ ಬೆರಳಿಟ್ಟು, ಉಸಿರು ಬಿಗಿಹಿಡಿದು, ಗೋಡೆ ನೋಡುತ್ತ ನಿಂತಿದ್ದೆ.

"ಎಂತ ಮಾರಾಯ್ರೆ, ಲಿಫ್ಟ್ ಹಾಳಾಗಿದೆಯಾ?"

"ಇಲ್ಲ. ಒತ್ತುತ್ತಾ ಇದ್ದೇನೆ."

"ಎಷ್ಟೊತ್ತಿಂದ?"

"ಈಗ ಹೋಗುತ್ತೆ. ಯಾವಾಗ ಅಂತ ನನಗೂ ಗೊತ್ತಿರಬಾರದು."

ಶೆಟ್ಟರು ಚೀಲದೊಂದಿಗೆ ಹೊರಬಂದು, ಮೆಟ್ಟಿಲು ಹತ್ತಿ ಹೋದರು. ಅವರಿಗೆ ಮಂಡಿನೋವಿದೆ. ಆದರೂ ಹೋದರು.

ಚಿಕಿತ್ಸೆಯ ಎರಡನೆಯ ಭಾಗ ಕಣ್ಣಿನದು. ನಿನಗೆ ಗಾಬರಿ ಪ್ರಾಣಿಯ ಮುಖ ಕಂಡು, ಆದ್ದರಿಂದ ಅದರ ಜೊತೆ ಬಾಳಿ ನೋಡು, ಎಂದು ಸಲೀಂ ಆ ಹೋತವನ್ನೇ ನನ್ನ ಕಾರಿಗೆ ತುಂಬಿಸಿದರು. "ದಿನಾ ಎದುರು ಕೂತು ಅದರ ಎದೆ ನೋಡು. ಹೊಡೆಯಬೇಡ, ನೋಡು ಅಷ್ಟೇ. ಸ್ಪರ್ಧೆಗೆ ಎರಡು ದಿನ ಮುಂಚೆ, ಬುಧವಾರ ಸಂಜೆ, ಇದನ್ನು ವಾಪಸ್ ತಂದು ಇದೇ ಹೊಳೆಯಲ್ಲಿ ಹೊಡಿ. ಖಲಾಸ್, ಗಾಬರಿ ಹೋಗುತ್ತದೆ."

ಹೋತ ನಮ್ಮ ನಡುಮನೆಯಲ್ಲಿ ಟಿವಿಯ ಪಕ್ಕ ನಿಂತಿತು. ಕೊಂಬುಗಳು ಕಿಟಕಿಯ ಪರದೆ ಮುಟ್ಟುತ್ತಿದ್ದವು. ಪ್ರತಿ ಬೆಳಿಗ್ಗೆ ಸ್ನಾನ ಮುಗಿಸಿ, ಅದರ ಎದುರು ಚಾಪೆ ಹಾಸಿ, ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ಎದೆಯ ಮುಂದೆ ಬಿಲ್ಲು ಹಿಡಿಯುವ ಮೊದಲಿನ ಭಂಗಿಯಲ್ಲಿ ಜೋಡಿಸಿ, ಹತ್ತು ನಿಮಿಷ ಕಣ್ಣು ಮಿಟುಕಿಸದೆ ಕೂರುತ್ತಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ.

ಸೆಪ್ಟೆಂಬರ್ ಹದಿನೈದಕ್ಕೆ ಅತ್ತೆ ಗದಗಿನಿಂದ ವಿಸಿಟ್ ವೀಸಾದಲ್ಲಿ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೋತವನ್ನು ನೋಡಿ, ಸೆರಗು ಸರಿಮಾಡಿಕೊಂಡರು.

"ವೀಣಾ, ಇದು ಯಾರದು?"

"ಅವರದು, ಅವ್ವಾ."

"ಹೌದೇನು," ಎಂದರು ಅತ್ತೆ. ಮುಂದೆ ಏನೂ ಕೇಳಲಿಲ್ಲ. ನನಗೆ ಅವರ ಬಗ್ಗೆ ಗೌರವ ಹೆಚ್ಚಾಯಿತು. ಅಳಿಯನ ಸಾಧನೆಯನ್ನು ಪ್ರಶ್ನಿಸದ ಅತ್ತೆ ಎಷ್ಟು ಜನಕ್ಕೆ ಸಿಗುತ್ತಾರೆ? ನಾನು ಬೆಳಿಗ್ಗೆ ಚಾಪೆಯ ಮೇಲೆ ಕೂತರೆ ಅವರು ಅಡುಗೆಮನೆಯ ಮಿಕ್ಸಿ ನಿಲ್ಲಿಸುತ್ತಿದ್ದರು.

ಕೆಲಸ ಫಲ ಕೊಡುತ್ತಿತ್ತು. ತೋಟದಲ್ಲಿ ಕಣ್ಣು ಮುಚ್ಚಿ ಹುಲ್ಲಿನ ಕಂತೆಗೆ ಬಾಣ ಬಿಡುವಾಗ ಬೆರಳು ಹೇಳಿದ ಹಾಗೆ ಕೇಳತೊಡಗಿತು. ಉಳಿದದ್ದು ಬುಧವಾರದ ಸಂಜೆಯೊಂದೇ. ಆ ಹೋತಕ್ಕೆ ಒಂದು ಬಾಣ, ಎದೆಗೆ ಸರಿಯಾಗಿ. ಅಷ್ಟಾದರೆ ವೀಣಾ ನನ್ನನ್ನು ಆರಿಸಿದ್ದು ತಪ್ಪಾಗುವುದಿಲ್ಲ.

ಬುಧವಾರ, ಅಕ್ಟೋಬರ್ ಒಂದು. ಕಚೇರಿಯಿಂದ ನಾಲ್ಕೂವರೆಗೆ ಮನೆಗೆ ಓಡಿಬಂದೆ. ಬಾಗಿಲು ತೆರೆದರೆ ಊದುಬತ್ತಿಯ ಹೊಗೆ.

ಅಂದು ಆಯುಧಪೂಜೆ. ನಾನು ಎಲ್ಲ ದಿನಾಂಕ ಬರೆದಿಟ್ಟುಕೊಳ್ಳುವವನು, ಈ ಒಂದನ್ನು ಬರೆದುಕೊಂಡಿರಲಿಲ್ಲ.

ಮಣೆಯ ಮೇಲೆ ನಮ್ಮ ಎರಡೂ ಬಿಲ್ಲುಗಳಿದ್ದವು, ಅರಿಶಿನ ಕುಂಕುಮ ಹಚ್ಚಿಕೊಂಡು. ಪಕ್ಕದಲ್ಲಿ ಈಳಿಗೆಮಣೆ, ಮಿಕ್ಸಿ, ಲ್ಯಾಪ್‌ಟಾಪು. ಇವೆಲ್ಲಕ್ಕೂ ಮೇಲೆ, ಚೆಂಡುಹೂವಿನ ಹಾರ ಹಾಕಿಕೊಂಡು, ಎರಡು ಕೊಂಬಿಗೂ ಒಂದೊಂದು ನಿಂಬೆಹಣ್ಣು ಚುಚ್ಚಿಸಿಕೊಂಡು, ಹಣೆಗೆ ವಿಭೂತಿ ಬಳಿದುಕೊಂಡು ಹೋತ ನಿಂತಿತ್ತು. ಎದೆಯ ಮೇಲೆ, ಬಾಣ ತಾಗಬೇಕಾದ ಜಾಗದಲ್ಲಿ, ರೂಪಾಯಿ ಅಗಲದ ಕುಂಕುಮ.

"ಅತ್ತೆ, ಇದು ಆಯುಧ ಅಲ್ಲ," ಎಂದೆ.

"ಗೊತ್ತೈತ್ರೀ ಅಳಿಯಾರ. ದೇವರು."

"ದೇವರಲ್ಲ. ಇದಕ್ಕೆ ನಾನು ಹೊಡೀಬೇಕು."

ಅತ್ತೆ ಆರತಿ ತಟ್ಟೆ ಕೆಳಗಿಟ್ಟರು. "ಬಂದಾಗಿಂದ ನೋಡಾಕತ್ತೀನಿ. ದಿನಾ ಜಳಕಾ ಮಾಡಿ, ಚಾಪಿ ಹಾಸಿ, ಕೈ ಜೋಡಿಸಿ, ಕಣ್ಣ ಸೈತ ಬಡೀದಂಗ ಅದರ ಮುಂದ ಕುಂದರತೀರಿ. ನಮ್ಮ ಮನ್ಯಾಗ ಸ್ವಾಮ್ಗೋಳೂ ಇಷ್ಟು ನಿಷ್ಠಾದಿಂದ ಕುಂದರೂದಿಲ್ಲ. ಮೈಸೂರ ಕಡೆ ಇಂಥಾದೊಂದು ದೇವರ ಇರಬೇಕು ಅಂತ ಸುಮ್ನಿದ್ದೆ. ಈಗ ಹೊಡೀತೀನಿ ಅಂತೀರಲ್ರೀ?"

"ವೀಣಾ, ನೀನು ಹೇಳಲಿಲ್ಲವಾ?"

"ನಾನು ಅಂಗಡಿಗೆ ಹೋಗಿದ್ನಿ," ಎಂದಳು ವೀಣಾ. ಅವಳ ಮುಖ ನಗು ತಡೆಯಲು ತುಂಬ ಕಷ್ಟಪಡುತ್ತಿತ್ತು. "ಬರೂದ್ರಾಗ ಮಂಗಳಾರತಿ ಆಗಿತ್ತು."

ಇನ್ನು ಬಿಲ್ಲಿನ ವಿಷಯ. ಪೂಜೆಗಿಟ್ಟ ಸಾಮಾನನ್ನು ಅಂದು ಮುಟ್ಟುವಂತಿಲ್ಲ, ಮಾರನೆಯ ದಿನ ಪೂಜೆ ಇಳಿಸಿದ ಮೇಲೆಯೇ ತೆಗೆಯಬೇಕು. ಈಳಿಗೆಮಣೆಯೂ ಪೂಜೆಯಲ್ಲಿದ್ದ ಕಾರಣ ಅಂದು ಉಪ್ಪಿಟ್ಟಿಗೆ ಈರುಳ್ಳಿ ಕೂಡ ಇರಲಿಲ್ಲ. ಬುಧವಾರದ ಸಂಜೆ ನಾನು ನಡುಮನೆಯಲ್ಲಿ ಕೂತು, ಈರುಳ್ಳಿಯಿಲ್ಲದ ಉಪ್ಪಿಟ್ಟು ತಿಂದು, ಹೋತವನ್ನು ನೋಡಿದೆ. ಅದೂ ನೋಡಿತು. ನೈವೇದ್ಯ ಮೊದಲು ಅದಕ್ಕೇ ಆಗಿತ್ತು.

ಆದರೆ ಸುಲಭವಾಗಿ ಕೈಬಿಡುವವನು ನಾನಲ್ಲ. ಗುರುವಾರ ವಿಜಯದಶಮಿ. ಪೂಜೆ ಇಳಿಸಿದ ಕೂಡಲೇ ಹಾರ, ನಿಂಬೆಹಣ್ಣು ತೆಗೆದು ಹೋತವನ್ನು ತೋಟಕ್ಕೆ ಒಯ್ದೆ. ಕುಂಕುಮ ಎಷ್ಟು ಒರೆಸಿದರೂ ಫೋಮಿನೊಳಗೆ ಇಳಿದುಬಿಟ್ಟಿತ್ತು. ಬಿಲ್ಲು ಎಳೆದೆ. ಚುಕ್ಕಿ ಕುಂಕುಮದ ಮೇಲೆ ಬಂದು ಕೂತಿತು, ಒಂದಿಷ್ಟೂ ಅಲುಗಾಡದೆ. ಬೆರಳು ಓಡಿಹೋಗಲಿಲ್ಲ. ಬೆರಳು ಬರಲೇ ಇಲ್ಲ. ತೋಳು ಸೋಲುವವರೆಗೆ ನಿಂತೆ, ಇಳಿಸಿದೆ. ಮತ್ತೆ ಎಳೆದೆ, ಮತ್ತೆ ಇಳಿಸಿದೆ.

ಸಲೀಂ ಬಂದು ಹೋತದ ಎದೆ ಮುಟ್ಟಿ ನೋಡಿದರು. "ಏನಿದು ಕೆಂಪು?"

ನಡೆದದ್ದನ್ನು ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ.

"ಅಮ್ಮ ಪೂಜೆ ಮಾಡಿದ್ದಾರೆ ಅಂದ ಮೇಲೆ ಇದಕ್ಕೆ ಹೊಡೆಯಬೇಡ. ಮನೆಗೆ ಕರೆದುಕೊಂಡು ಹೋಗು. ನಾಳೆ ಬೇರೆಯವುಗಳಿವೆಯಲ್ಲ."

ಮನೆಗೆ ಒಯ್ದೆ. ಇಂದಿಗೂ ಇದೆ. ಶುಕ್ರವಾರಕ್ಕೊಂದು ಹೂ.

ಅಕ್ಟೋಬರ್ ಮೂರು. ಬೆಳಿಗ್ಗೆ ಆರಕ್ಕೇ ಸ್ಪರ್ಧೆ ಶುರುವಾಯಿತು, ನಡುಹಗಲಿನ ನಮಾಜಿಗೆ ಮುಂಚೆ ಮುಗಿಯಬೇಕು. ಅತ್ತೆಯೂ ಬಂದಿದ್ದರು. ತೋಟದ ಬೇಲಿಯ ಬಳಿಯ ಮರ ನೋಡಿದವರೇ ನಿಂತುಬಿಟ್ಟರು. ಇಲ್ಲಿಯವರು ಅದನ್ನು ಘಾಫ್ ಅನ್ನುತ್ತಾರೆ. "ಅಯ್ಯ, ಇದು ನಮ್ಮ ಬನ್ನಿ ಗಿಡ ಅಲ್ಲೇನು!" ಎಂದು ಎಲೆ ಕಿತ್ತು, ನಿನ್ನೆಯೇ ಕೊಡಬೇಕಿತ್ತು ಎನ್ನುತ್ತ ಎಲ್ಲರ ಕೈಗೂ ಹಂಚಿದರು. "ಬಂಗಾರ ತಗೊಂಡು ಬಂಗಾರದಂಗ ಇರೋಣ್ರೀ." ಸಲೀಂ ಎಲೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡು ಜೇಬಿಗೆ ಇಟ್ಟುಕೊಂಡರು. ಶೆಟ್ಟರು ನನಗೆ ಎಲೆ ಕೊಡುತ್ತ, "ಲಿಫ್ಟ್ ಸರಿಯಾಯ್ತಾ?" ಎಂದು ಕೇಳಿದರು.

ಮೊದಲನೆಯದು ಜಿಂಕೆ. ವೀಣಾ ಎಳೆದಳು, ನಿಂತಳು, ಬಿಟ್ಟಳು. ಎದೆಗೆ. ನಾನು ಎಳೆದೆ, ನಿಂತೆ. ಜಿಂಕೆಯ ಎದೆಯ ಮೇಲೆ ಇಲ್ಲದ ಕುಂಕುಮ ನನಗೆ ಕಂಡಿತು. ನಿಂತೇ ಇದ್ದೆ. ಇಳಿಸಿದೆ. ಸೊನ್ನೆ.

ಎರಡನೆಯದು ಹಂದಿ. ಅದಕ್ಕೂ ಕುಂಕುಮ. ಸೊನ್ನೆ.

ಒಂದು ಗಾಬರಿ ಹೋಗಿ ಅದರ ತಮ್ಮ ಬಂದಿದ್ದ. ಅಣ್ಣನಿದ್ದಾಗ ಬಾಣ ನಿಲ್ಲುತ್ತಿರಲಿಲ್ಲ, ತಮ್ಮ ಬಂದ ಮೇಲೆ ಬಾಣ ಹೊರಡುತ್ತಿರಲಿಲ್ಲ. ಹತ್ತು ಪ್ರಾಣಿಗಳಲ್ಲಿ ಒಂಬತ್ತು ಮುಗಿದಾಗ ನನ್ನ ಅಂಕ ಸೊನ್ನೆ, ತೀರಾ ಶುದ್ಧವಾದ ಸೊನ್ನೆ. ವೀಣಾಳದು ಎಂಬತ್ತು. ಒಂದೇ ಒಂದು ಸಲ, ಬಿಸಿಲು ಕಣ್ಣಿಗೆ ಹೊಡೆದು, ಅವಳ ಬಾಣ ಬಂಡೆಗೆ ಹೋಗಿತ್ತು.

ನಮಗಿಂತ ಮುಂದೆ ನಡೆದಿದ್ದ ಜೋಡಿಗಳು ಮುಗಿಸಿ ನೆರಳಿನಲ್ಲಿ ಕೂತಿದ್ದರು. ಶೆಟ್ಟರ ಜೋಡಿ ಎಲ್ಲರಿಗಿಂತ ಮುಂದೆ: ಎಂಬತ್ತು, ಒಂದೂ ಗಾಯವಿಲ್ಲ. ನಮಗೆ ಉಳಿದದ್ದು ಕಾಡೆಮ್ಮೆ.

ವೀಣಾ ಎಳೆದಳು. ಎದೆಗೆ. ತೊಂಬತ್ತು.

ಅವಳು ನನ್ನ ಹತ್ತಿರ ಬಂದು ಪಿಸುಗುಟ್ಟಿದಳು. "ಏನ್ರೀ, ಲೆಕ್ಕ ಹಾಕೀರೇನು?"

"ತೊಂಬತ್ತು. ಅವರದು ಎಂಬತ್ತು."

"ಹೌದಲ್ರೀ. ಬಿಡಬ್ಯಾಡ್ರಿ. ಎಳೀರಿ, ನಿಲ್ರಿ, ಇಳಸ್ರಿ. ಇಷ್ಟೊತ್ತು ಎಷ್ಟು ಚಂದ ಮಾಡೀರಿ, ಇನ್ನೊಂದ ಸಲ ಹಂಗ ಮಾಡ್ರಿ."

ನನ್ನಿಂದ ಯಾರಾದರೂ ಏನಾದರೂ ಕೇಳಿದ್ದರೆ ಅದರಲ್ಲಿ ಇದರಷ್ಟು ಸುಲಭವಾದದ್ದು ಇರಲಿಲ್ಲ. ಬಿಲ್ಲು ಎಳೆದೆ. ಬಿಡಬೇಕಾಗಿಲ್ಲ ಅಂದ ಮೇಲೆ ಗಾಬರಿಗೆ ಅಲ್ಲಿ ಕೆಲಸವೇನು? ಉಸಿರು ತಾನಾಗಿ ಇಳಿಯಿತು. ಭುಜ ಸಡಿಲವಾಯಿತು. ಚುಕ್ಕಿ ಕಾಡೆಮ್ಮೆಯ ಎದೆಯ ಮೇಲೆ ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿತು. ಕುಂಕುಮವಿಲ್ಲ, ಅತ್ತೆಯಿಲ್ಲ, ಹೋತವಿಲ್ಲ. ಸಲೀಂ ನಾಲ್ಕು ವಾರದಿಂದ ಹೇಳುತ್ತಿದ್ದದ್ದು ಇದನ್ನೇ ಎಂದು ಆಗ ಅರ್ಥವಾಯಿತು. ಎಷ್ಟು ನೆಮ್ಮದಿಯಾಗಿತ್ತೆಂದರೆ ಬೆರಳು ಗುಂಡಿಯ ಮೇಲೆ ಇರುವುದೇ ಮರೆತುಹೋಯಿತು.

ಬಾಣ ಹೊರಟಿತು. ನನಗೆ ನಿಜವಾಗಿಯೂ ಆಶ್ಚರ್ಯವಾಯಿತು.

ಅದು ಗಾಳಿಯಲ್ಲಿದ್ದಷ್ಟು ಹೊತ್ತು ನಾನು ಬಹಳ ಸಂತೋಷದಿಂದಿದ್ದೆ. ಆ ಸಂತೋಷವನ್ನು ಸುಳ್ಳೆಂದು ಹೇಳಲಾರೆ. ಆದರೆ ಕಾಡೆಮ್ಮೆ ದೊಡ್ಡ ಪ್ರಾಣಿ, ದೊಡ್ಡ ಪ್ರಾಣಿ ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ದೂರವನ್ನು ನಾನು ಕಡಿಮೆ ಎಣಿಸಿದ್ದೆ. ಬಾಣ ದಾರಿಯಲ್ಲಿ ತಗ್ಗುತ್ತ ತಗ್ಗುತ್ತ ಹೋಗಿ ಮುಂಗಾಲಿನ ಮಂಡಿಗೆ ನಾಟಿತು.

ಗುರಿಗಾಬರಿ ಗುಣವಾಯಿತು. ಕಾಡೆಮ್ಮೆಗೆ ಮಂಡಿ ಹೋಯಿತು.

ಸಲೀಂ ಹತ್ತು ಕಳೆದರು. ಎಂಬತ್ತಕ್ಕೆ ಎಂಬತ್ತು ಸಮ. ಸಮ ಬಂದರೆ ಗಾಯ ಮಾಡದ ಜೋಡಿಗೆ ಗೆಲುವು ಎಂದು ಅವರು ಹೇಳುವಾಗ ನನ್ನ ಮುಖ ನೋಡಲಿಲ್ಲ. ಶೆಟ್ಟರು ಬಂದು ಕೈ ಕುಲುಕಿದರು. "ಬಾಣ ಭಾರೀ ಚಂದ ಬಿಟ್ಟಿರಿ ಮಾರಾಯ್ರೆ. ಸುಳ್ಳು ಹೇಳುವುದಲ್ಲ," ಎಂದರು. ಅವರು ಎಷ್ಟು ಹೃತ್ಪೂರ್ವಕವಾಗಿ ಹೇಳಿದರೆಂದು ನನಗೆ ಗೊತ್ತು.

ಮನೆಗೆ ಬರುವ ದಾರಿಯಲ್ಲಿ ಅತ್ತೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋದರು. ವೀಣಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಪೆಟ್ರೋಲ್ ಪಂಪು ದಾಟಿದ ಮೇಲೆ ನಾನೇ ಬಾಯಿಬಿಟ್ಟೆ.

"ನವೆಂಬರಿನಲ್ಲಿ ಇನ್ನೊಂದು ಸ್ಪರ್ಧೆ ಇದೆಯಂತೆ. ಅದರಲ್ಲಿ ಗೆದ್ದವರೂ ಮಸ್ಕತ್ತಿಗೆ ಹೋಗಬಹುದು. ನೀನು ಬೇರೆ ಜೋಡಿ ನೋಡಿಕೋ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ."

"ಹೆಸರ ಕೊಟ್ಟಬಂದೀನಿ."

"ಯಾರ ಜೊತೆ?"

"ನಿಮ್ಮ ಜೋಡೀನ." ಅವಳು ಇನ್ನೂ ಹೊರಗೆ ನೋಡುತ್ತಿದ್ದಳು. "ಒಂಬತ್ತು ಪ್ರಾಣಿ ಮುಂದ ನಿಂತು ಒಂದಕ್ಕೂ ತೊಂದರಿ ಕೊಡದಂಥ ಜೋಡಿ ನನಗ ಎಲ್ಲಿ ಸಿಗಬೇಕು? ಆದ್ರ ನಿಮ್ಮ ಬಾಣ ನನ್ನ ಕಡೆ ಇರತಾವ. ಪ್ರಾಣಿಗೊಂದರಂಗ ಎಣಿಸಿ ಕೊಡ್ತೀನಿ. ಬಿಲ್ಲ ಇಳಿಸಿದ ಮ್ಯಾಲೆ ಎಣಿಸಿ ವಾಪಸ್ ತಗೋತೀನಿ."

ಈಗ ಪ್ರತಿ ಶುಕ್ರವಾರ ಬೆಳಿಗ್ಗೆ ಬಿಲ್ಲು ಎಳೆದು ಇಳಿಸುವ ಅಭ್ಯಾಸ ಮಾಡುತ್ತಿದ್ದೇನೆ. ಗುರಿಗಾಬರಿಯ ಬಗ್ಗೆ ನನಗಿಂತ ಹೆಚ್ಚು ತಿಳಿದವರು, ಅದರಿಂದ ಪಾರಾದವರು, ಪಾರಾಗಿ ನನ್ನಂತೆ ಕೆಟ್ಟವರು ಯಾರಾದರೂ ಇದ್ದರೆ ದಯವಿಟ್ಟು ನಾಲ್ಕು ಸಾಲು ಬರೆಯಿರಿ. ಬಾಣ ಸರಿಯಾಗಿ ಬಿಡುವುದು ಹೇಗೆಂದು ಬರೆಯುವವರು ಒಂದು ವಿಷಯ ಗಮನದಲ್ಲಿಡಬೇಕು: ಪತ್ರಗಳನ್ನು ವೀಣಾ ಮೊದಲು ಓದುತ್ತಾಳೆ, ಅಂಥವನ್ನು ಅವಳು ನನ್ನ ಕೈಗೆ ಕೊಡುವುದಿಲ್ಲ.